ಸೋಮಾರಿತನವಲ್ಲ, ತಂತಿ ಮೇಲೆದ್ದಿತ್ತು

ವಿಜಯವಾಡದಲ್ಲಿದ್ದಾಗ ಮಗಳಿಗೆ ಗಿಟಾರು ಕೊಡಿಸಿದ್ದೆ: ದೊಡ್ಡ ಒಡಲಿನ ಡ್ರೆಡ್‌ನಾಟ್, ಮೇಲ್ಹಲಗೆ ಅಖಂಡ ಸ್ಪ್ರೂಸ್ ಮರದ್ದು. ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ ಅವಳು ಅದನ್ನು ಮುಟ್ಟುವುದನ್ನೇ ಬಿಟ್ಟಳು. ‘ಸೋಮಾರಿ’ ಎಂದು ಗದರಿದೆ. ಒಂದು ದಿನ ನಾನೇ ತಂತಿ ಒತ್ತಿ ನೋಡಿದೆ, ಬೆರಳು ಉರಿಯಿತು. ಅಂಥ ಮರಕ್ಕೆ ಶೇ 45–55ರ ತೇವಾಂಶ ಹಿತ; ಕಡಲ ಪಕ್ಕದ ನಮ್ಮ ಮನೆಯಲ್ಲಿ 80 ದಾಟಿತ್ತು. ಹಲಗೆ ಉಬ್ಬಿ ತಂತಿಗಳು ಮೇಲೆದ್ದಿದ್ದವು.

ಈ ಸಲ ಅವಳನ್ನೇ ಕೂರಿಸಿ ಆರಿಸಿದೆವು. ಬಲಗೈ ಇಟ್ಟಾಗ ಭುಜ ಮೇಲೇಳದಷ್ಟು ಚಿಕ್ಕ ಒಡಲು. ಪದರಗಳನ್ನು ಅಂಟಿಸಿದ ಮಹಾಗನಿ ಹಲಗೆ. ದನಿ ಸ್ವಲ್ಪ ಮಂದ, ಆದರೆ ತೇವವನ್ನು ಹೆಚ್ಚು ತಡೆದುಕೊಳ್ಳುತ್ತದೆ. ಬೊಬ್ಬಿಲಿಯ ವೀಣೆಗಾರರೂ ದೂರದ ಮರ ಹುಡುಕದೆ ಹಲಸಿನ ಒಂದೇ ದಿಮ್ಮಿಯಿಂದ ವೀಣೆ ಕೊರೆಯುತ್ತಾರಲ್ಲ!

ಈಗ ಸಂಜೆ ಅವಳು ನುಡಿಸುತ್ತಾಳೆ. ಗದರಿದ್ದಕ್ಕೆ ಕ್ಷಮೆ ಕೇಳಿದ್ದೇನೆ.