ಕಠಿಣ ಪದಕ್ಕೊಂದು ಚಿತ್ರ



ಪರೀಕ್ಷೆ ಹತ್ತಿರ ಬಂದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: "ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ." ಹಾಗೆ ಹೇಳುವ ಮಗುವನ್ನು ಗದರಿಸುವ ಮುನ್ನ ಅದರ ವಿಜ್ಞಾನ ಪುಸ್ತಕದ ಒಂದು ಪುಟವನ್ನು ನಾವೇ ಓದಿ ನೋಡೋಣ. ಶಲಾಕಾಗ್ರ, ಪರಾಗಕೋಶ, ಪತ್ರರಂಧ್ರ, ದ್ಯುತಿಸಂಶ್ಲೇಷಣೆ... ನಮ್ಮ ಗಡಿನಾಡು ಕಾಸರಗೋಡಿನಲ್ಲಿ ಎಷ್ಟೋ ಮಕ್ಕಳಿಗೆ ಮನೆಯೊಳಗೆ ಕೊಂಕಣಿ, ಅಂಗಳದಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಮೇಲಿನ ಪದಗಳು ಇವುಗಳಲ್ಲಿ ಯಾವ ಮಾತುಕತೆಯಲ್ಲೂ ಬರುವುದಿಲ್ಲ. ಹಲವು ಸಲ ಮಗುವಿಗೆ ಕಷ್ಟವಾಗಿರುವುದು ವಿಜ್ಞಾನವಲ್ಲ, ವಿಜ್ಞಾನದ ಪದಗಳು. ಇದನ್ನು ತಿಳಿಯದೆ ನಾವು "ಇವನಿಗೆ ಓದು ಆಗದು" ಎಂದು ತೀರ್ಪು ಕೊಟ್ಟುಬಿಟ್ಟರೆ, ಮಗು ಅದನ್ನೇ ನಂಬಿ ಬೆಳೆಯುತ್ತದೆ.

ಗೊತ್ತಿಲ್ಲದ ಪದಕ್ಕಿಂತಲೂ ಗೊತ್ತಿದೆ ಎನಿಸುವ ಪದ ಹೆಚ್ಚು ತೊಂದರೆ ಕೊಡುತ್ತದೆ. ಕರ್ಣವೆಂದರೆ ಕಿವಿ, ಪಾದವೆಂದರೆ ಕಾಲಿನ ಅಡಿ ಎಂದು ಕಲಿತ ಮಗು ಗಣಿತದ ತರಗತಿಯಲ್ಲಿ "ತ್ರಿಕೋನದ ಪಾದ, ಕರ್ಣ" ಎಂದಾಗ ತಬ್ಬಿಬ್ಬಾಗುತ್ತದೆ. ಅಲ್ಲಿ ಹತ್ತು ವಾಕ್ಯಗಳ ವಿವರಣೆಗಿಂತ ಗೋಡೆಗೆ ಒರಗಿಸಿದ ಏಣಿಯ ಒಂದು ಗೀಟುಚಿತ್ರ ಮೇಲು. ನೆಲ ಪಾದ, ಗೋಡೆ ಲಂಬ, ಏಣಿ ಕರ್ಣ. ಮುಗಿಯಿತು!

ಮನೆಯಲ್ಲಿ ಇದನ್ನು ಹೇಗೆ ಮಾಡಬಹುದು? ಅಂಗಳದ ದಾಸವಾಳವನ್ನೇ ತೆಗೆದುಕೊಳ್ಳೋಣ. ಹೂವನ್ನು ಉದ್ದಕ್ಕೆ ಸೀಳಿ, ಅದರ ದೊಡ್ಡ ಚಿತ್ರವನ್ನು ಮಗುವಿನಿಂದಲೇ ಬರೆಸಿ. ಚಿತ್ರ ಚೆಂದವಿರಬೇಕಾಗಿಲ್ಲ. ಮೊದಲು ಹೆಸರು ಹೇಳಬೇಡಿ. ಕಂಡದ್ದನ್ನು ಮಗು ತನ್ನ ಮನೆಮಾತಿನಲ್ಲೇ ಹೇಳಲಿ. ನಡುವಿನ ಉದ್ದ ಕೊಳವೆ, ಅದರ ಸುತ್ತ ಹಳದಿ ಹುಡಿ ತುಂಬಿದ ಪುಟ್ಟ ಚೀಲಗಳು, ತುದಿಯಲ್ಲಿ ಐದು ಚುಕ್ಕಿಗಳು, ಬುಡದಲ್ಲೊಂದು ಉಬ್ಬು. ನೋಡಿದ ಮೇಲೆ ಒಂದೊಂದಕ್ಕೂ ಸಂಖ್ಯೆ ಹಾಕಿ ಹೆಸರು ಕೊಡಿ. ಹುಡಿ ಪರಾಗ, ಚೀಲ ಪರಾಗಕೋಶ, ಐದು ಚುಕ್ಕಿಗಳು ಶಲಾಕಾಗ್ರ, ಉಬ್ಬು ಅಂಡಾಶಯ. ಒಂದು ದಿನಕ್ಕೆ ಐದಾರು ಪದ ಸಾಕು. ಮರುದಿನ ಹೆಸರುಗಳನ್ನು ಕಾಗದದಿಂದ ಮುಚ್ಚಿ ಸಂಖ್ಯೆ ತೋರಿಸಿ ಕೇಳಿ. ಕೊನೆಗೆ ಒಂದು ವಾಕ್ಯ ಹೇಳಿಸಿ: "ಪರಾಗವು ಶಲಾಕಾಗ್ರವನ್ನು ತಲುಪುವುದೇ ಪರಾಗಸ್ಪರ್ಶ." ಪದ ವಾಕ್ಯದೊಳಗೆ ಕುಳಿತಾಗಲೇ ಅದು ಮಗುವಿನದಾಗುತ್ತದೆ.

ಇದು ಹೊಸ ಉಪಾಯವೇನಲ್ಲ. ಮೊರಾವಿಯಾದ ಶಿಕ್ಷಣತಜ್ಞ ಕೊಮೇನಿಯಸ್ 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ 'ಆರ್ಬಿಸ್ ಸೆನ್ಸುವಾಲಿಯಂ ಪಿಕ್ಟಸ್' ಎಂಬ ಮಕ್ಕಳ ಚಿತ್ರಪುಸ್ತಕವನ್ನು ಪ್ರಕಟಿಸಿದರು. ಚಿತ್ರದ ಭಾಗಗಳಿಗೆ ಸಂಖ್ಯೆ, ಅದೇ ಸಂಖ್ಯೆಯೊಂದಿಗೆ ಪಕ್ಕದಲ್ಲಿ ಲ್ಯಾಟಿನ್ ಮತ್ತು ಜರ್ಮನ್ ಪದಗಳು. ನಮ್ಮ ಕರಾವಳಿಗೂ ಇಂಥದೊಂದು ಹೆಮ್ಮೆಯಿದೆ. ಮಲಬಾರಿನ ಡಚ್ ಆಡಳಿತಗಾರ ವಾನ್ ರೀಡ್ ಸಿದ್ಧಪಡಿಸಿದ 'ಹೊರ್ತುಸ್ ಮಲಬಾರಿಕಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಲ್ಲಿ ಅಚ್ಚಾಯಿತು. ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಅದಕ್ಕೆ ತಮ್ಮ ತಿಳಿವಳಿಕೆ ಕೊಟ್ಟರು. ಆರಂಭದಲ್ಲಿ ನೆರವಾದವರಲ್ಲಿ ಕಾರ್ಮೆಲ್ ಸಭೆಯ ಗುರು ಮತ್ತಾಯರೂ ಇದ್ದರು. ಗಿಡದ ಚಿತ್ರದ ಮೇಲೆ ಮಲಯಾಳ, ನಾಗರಿ, ಅರಬಿ ಲಿಪಿಗಳಲ್ಲಿ ಹೆಸರುಗಳಿವೆ. ಭಾಷೆ ಹಲವಾದರೂ ಗಿಡ ಒಂದೇ. ಹಲವು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ?

ಕೆನಡಾದ ಮನಶ್ಶಾಸ್ತ್ರಜ್ಞ ಅಲನ್ ಪೈವಿಯೊ 1971ರ ತಮ್ಮ ಗ್ರಂಥದಲ್ಲಿ ಇದರ ಕಾರಣವನ್ನು ವಿವರಿಸಿದರು. ಮಾತು ಮತ್ತು ಚಿತ್ರ ನಮ್ಮ ನೆನಪಿನಲ್ಲಿ ಎರಡು ಬೇರೆ ಬೇರೆ ದಾರಿಗಳಲ್ಲಿ ಉಳಿಯುತ್ತವೆ ಎಂಬುದು ಅವರ ಸಿದ್ಧಾಂತ. ಒಂದು ದಾರಿ ಮುಚ್ಚಿಹೋದರೂ ಇನ್ನೊಂದರಿಂದ ಪದವನ್ನು ಹಿಡಿಯಬಹುದು.

ಹಾಗೆಂದು ಎಲ್ಲಕ್ಕೂ ಒಂದೇ ಚಿತ್ರ ಸಾಲದು. ಮತಪೆಟ್ಟಿಗೆ ತೋರಿಸಿ "ಪ್ರಜಾಪ್ರಭುತ್ವ" ಎಂದರೆ ಮಗು ಪೆಟ್ಟಿಗೆಯನ್ನಷ್ಟೇ ಕಲಿಯುತ್ತದೆ. ಇಂಥ ಪದಗಳಿಗೆ ಹೋಲಿಸಿ ನೋಡುವಂಥ ಎರಡು ಚಿತ್ರ ಬೇಕು. ಭೂಮಿಯ ಮೇಲೊಬ್ಬ ಮನುಷ್ಯ, ಚಂದ್ರನ ಮೇಲೆ ಅದೇ ಮನುಷ್ಯ. ತೂಕ ಸುಮಾರು ಆರರಲ್ಲೊಂದು ಪಾಲಿಗೆ ಇಳಿಯುತ್ತದೆ, ದ್ರವ್ಯರಾಶಿ ಬದಲಾಗುವುದಿಲ್ಲ. ಹಾಗೆಯೇ ಭೂಪಟದಲ್ಲಿ ಭಾರತ, ಶ್ರೀಲಂಕಾಗಳ ನಡುವಿನ ಪಾಕ್ ಜಲಸಂಧಿಯನ್ನೂ ಎರಡು ಅಮೆರಿಕಗಳನ್ನು ಜೋಡಿಸುವ ಪನಾಮಾ ಭೂಸಂಧಿಯನ್ನೂ ಒಟ್ಟಿಗೆ ತೋರಿಸಿ. ಎರಡು ನೆಲಗಳ ನಡುವಿನ ಕಿರಿದಾದ ನೀರು ಒಂದು, ಎರಡು ನೀರುಗಳ ನಡುವಿನ ಕಿರಿದಾದ ನೆಲ ಇನ್ನೊಂದು. ಗಾತ್ರದ ಬಗ್ಗೆಯೂ ಎಚ್ಚರವಿರಲಿ. ಪುಸ್ತಕದಲ್ಲಿ ಅಮೀಬಾವೂ ಆನೆಯೂ ಒಂದೇ ಅಳತೆಯಲ್ಲಿರುತ್ತವೆ! ಮೊಬೈಲಿನಲ್ಲಿ ಸಿಗುವ ಬಣ್ಣಬಣ್ಣದ ಚಿತ್ರಗಳಿಗಿಂತ ಬೇಕಾದ ಭಾಗಗಳಷ್ಟೇ ಇರುವ ಸರಳ ಗೆರೆಚಿತ್ರ ಎಷ್ಟೋ ಸಲ ಹೆಚ್ಚು ಉಪಕಾರಿ.

ಕನ್ನಡದಲ್ಲಿ ಕಲಿತು ಮುಂದೆ ಇಂಗ್ಲಿಷಿನಲ್ಲಿ ಓದಬೇಕಾದ ಮಕ್ಕಳಿಗೂ ಇದೇ ಚಿತ್ರ ಸೇತುವೆಯಾಗುತ್ತದೆ. ಅದೇ ಸಂಖ್ಯೆಯ ಮುಂದೆ 'ಸ್ಟಿಗ್ಮಾ', 'ಓವರಿ' ಎಂದು ಬರೆದರೆ ಸಾಕು. ವಿಷಯವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗಿಲ್ಲ. ಕನ್ನಡದ ಕಲಿಕೆ ವ್ಯರ್ಥವಾಯಿತೆಂಬ ಅಳುಕೂ ಬೇಡ.

ಹೆಚ್ಚು ಓದದ ತಾಯಿತಂದೆಯರು ಇದು ನಮ್ಮಿಂದಾಗದು ಎಂದುಕೊಳ್ಳಬಾರದು. ಉತ್ತರ ಚಿತ್ರದ ಹಿಂಬದಿಯಲ್ಲಿರಲಿ. "ಇದೇನು ಮಗಾ, ನನಗೂ ಹೇಳಿಕೊಡು" ಎಂದು ಕೇಳುವುದಷ್ಟೇ ನಮ್ಮ ಕೆಲಸ. ಕಲಿಸುವ ಮಗು ಎರಡು ಸಲ ಕಲಿಯುತ್ತದೆ. ಈ ವಾರ ಮೊಬೈಲನ್ನು ಹದಿನೈದು ನಿಮಿಷ ಬದಿಗಿಟ್ಟು, ಒಂದು ಪಾಠ, ಒಂದು ಚಿತ್ರ, ಐದು ಪದ ಎಂದು ಶುರುಮಾಡಿ ನೋಡೋಣ.