ಭಾಗ 4: ಆಫೀಸಿಗೆಲ್ಲಾ ಒಂದೇ ಪಾಸ್‌ವರ್ಡ್

ಇಂಟರ್ನ್‌ಶಿಪ್‌ಗೆ ಸೇರಿದ ದಿನ ಮಾನಿಟರ್ ಮೇಲೆ ಒಂದು ಚೀಟಿ ಅಂಟಿಸಿರ್ತಾರಲ್ಲ, ಯೂಸರ್ ಅಡ್ಮಿನ್, ಕೆಳಗೆ ಪಾಸ್‌ವರ್ಡ್? ಅದನ್ನ ನೋಡಿ ಕೆಲಸ ಸುಲಭ ಆಯ್ತು ಅಂದ್ಕೋಬೇಡಿ.

2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಇರಲೇಬೇಕು, ಅದನ್ನ ಆಫ್ ಮಾಡೋ ಹಾಗಿಲ್ಲ. ಟ್ಯಾಲಿಯಲ್ಲಿ ಅದಕ್ಕೆ ಎಡಿಟ್ ಲಾಗ್ ಅಂತಾರೆ. ಒಂದು ವೋಚರ್‌ನಲ್ಲಿ 18,000 ಇದ್ದದ್ದನ್ನ 81,000 ಮಾಡಿದ್ರೆ ಯಾವ ಯೂಸರ್, ಯಾವಾಗ, ಮೊದಲು ಏನಿತ್ತು ಎಲ್ಲಾ ಉಳಿಯುತ್ತೆ. ಡಿಲೀಟ್ ಮಾಡಿದ್ರೂ ಗುರುತು ಇರುತ್ತೆ. ನನ್ನ ಪ್ರಕಾರ ಒಳ್ಳೇ ನಿಯಮ. (ಪ್ರೊಪ್ರೈಟರ್‌ಶಿಪ್ ಅಂಗಡಿಗಳಿಗೆ ಇದು ಅನ್ವಯಿಸಲ್ಲ, ಎಕ್ಸಾಮ್‌ನಲ್ಲಿ ಹಾಗೆ ಬರೀಬೇಡಿ.)

ಆದ್ರೆ ಆರು ಜನ ಒಂದೇ ಅಡ್ಮಿನ್ ಹೆಸರಲ್ಲಿ ಲಾಗಿನ್ ಆದ್ರೆ ಆ ಲಾಗ್ ಏನು ಹೇಳುತ್ತೆ? ಅಡ್ಮಿನ್ ಬದಲಾಯಿಸಿದ್ದು, ಅಷ್ಟೇ. ನಿಯಮ ಪಾಲಿಸಿದ ಹಾಗೂ ಆಯ್ತು, ಯಾರು ಮಾಡಿದ್ದು ಅಂತ ಗೊತ್ತಾಗದ ಹಾಗೂ ಆಯ್ತು! ಲೆಕ್ಕ ತಾಳೆ ಆಗದಿದ್ದಾಗ ಎಲ್ಲರ ಕಣ್ಣು ಹೋಗೋದು ಹೊಸಬರ ಮೇಲೆ. ಅಂದ್ರೆ ನಮ್ಮ ಮೇಲೆ.

ಹಾರ್ಡ್‌ವೇರ್, ಸಾಫ್ಟ್‌ವೇರ್, ಡೇಟಾ, ಜನ ಅಂತ ನಾವು ಬಾಯಿಪಾಠ ಮಾಡ್ತೀವಿ. ಆಫೀಸುಗಳು ದುಡ್ಡು ಹಾಕೋದು ಮೊದಲ ಎರಡಕ್ಕೇ. ಟ್ಯಾಲಿಯಲ್ಲಿ ಹೊಸ ಯೂಸರ್ ಮಾಡೋದು ಕೆಲವೇ ನಿಮಿಷದ ಕೆಲಸ. ಎಂಟ್ರಿ ಹಾಕೋರಿಗೆ ಬೇರೆ, ಬರೀ ರಿಪೋರ್ಟ್ ನೋಡೋರಿಗೆ ಬೇರೆ ಅಧಿಕಾರ ಕೊಡಬಹುದು.

ಸೇರಿದ ದಿನವೇ ಕೇಳಿ: "ಸರ್, ನನಗೆ ಬೇರೆ ಲಾಗಿನ್ ಮಾಡ್ಕೊಡ್ತೀರಾ?" ಮುಖ ಗಂಟು ಹಾಕಿದ್ರೂ ಕೇಳಿ.

ಮುಂದಿನ ಭಾಗ ಬ್ಯಾಕಪ್ ಬಗ್ಗೆ.