ಎಲೆ ಹಳದಿಯಾದ ಮೇಲಲ್ಲ, ಕಂದು ತರುವಾಗಲೇ ಕೇಳಿ

ವಾರಕ್ಕೆ ಎರಡು ಮೂರು ಸಲವಾದರೂ ನನ್ನ ವಾಟ್ಸಾಪಿಗೆ ಒಂದೇ ಥರದ ಫೋಟೋ ಬರುತ್ತೆ. ಏಲಕ್ಕಿ ಬಾಳೆ. ಕೆಳಗಿನ ಎಲೆಗಳು ಅಂಚಿನಿಂದ ಹಳದಿ ತಿರುಗಿ, ತೊಟ್ಟು ಮುರಿದು ಗಿಡದ ಸುತ್ತ ಜೋತುಬಿದ್ದಿರುತ್ತವೆ. ಜೊತೆಗೆ ಒಂದೇ ಪ್ರಶ್ನೆ: "ಅಣ್ಣ, ಇದಕ್ಕೆ ಏನ್ ಹೊಡೀಲಿ?" ಕೊಳ್ಳೇಗಾಲ, ಹನೂರು, ಯಳಂದೂರು, ಯಾವ ಕಡೆಯಿಂದ ಬಂದರೂ ಪ್ರಶ್ನೆ ಮಾತ್ರ ಬದಲಾಗಲ್ಲ.

ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಅದು ಪನಾಮ ಸೊರಗು ರೋಗವೇ ಆಗಿದ್ದರೆ, ಆ ಗಿಡಕ್ಕೆ ಹಾಕುವ ದುಡ್ಡು ಬಹುಪಾಲು ಮಣ್ಣುಪಾಲು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಯಾಕೆ ಅಂತ ತಿಳಿಯೋಕೆ ಬೇರಿನೊಳಗೆ ಹೋಗಬೇಕು. ಈ ರೋಗ ತರುವುದು ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ. ಬಾಳೆ ಬೇರು ಹತ್ತಿರ ಬಂದಾಗ ಅದರ ಬೀಜಕಣ ಮೊಳೆತು, ಸಣ್ಣ ಬೇರುಗಳ ಮೂಲಕ ಒಳಗೆ ನುಗ್ಗಿ, ನೀರು ಸಾಗುವ ಕೊಳವೆಗಳನ್ನು ಕಟ್ಟಿಬಿಡುತ್ತೆ. ತಡೆಯುವ ಶಕ್ತಿಯಿರುವ ತಳಿಯಲ್ಲಿ, ಶತ್ರು ಬಾಗಿಲಿಗೆ ಬರುತ್ತಿದ್ದಂತೆ ಬೇರಿನ ಕೆಲವು ಜೀನ್‌ಗಳು, ಅಂದರೆ ವಂಶವಾಹಿಗಳು, ಚುರುಕಾಗುತ್ತವೆ. ಕೆಲವು ಜೀವಕೋಶದ ಗೋಡೆಯನ್ನು ಗಟ್ಟಿ ಮಾಡುತ್ತವೆ, ಇನ್ನು ಕೆಲವು ಶಿಲೀಂಧ್ರದ ಗೋಡೆಯನ್ನೇ ಕರಗಿಸುವ ಕಿಣ್ವ ತಯಾರಿಸುತ್ತವೆ. ರೋಗಕ್ಕೆ ಬೇಗ ತುತ್ತಾಗುವ ತಳಿಯಲ್ಲೂ ಇಂಥ ಜೀನ್‌ಗಳು ಇರುತ್ತವೆ. ಆದರೆ ಎಷ್ಟೋ ಸಲ ಅವು ತಡವಾಗಿ, ಇಲ್ಲವೇ ಸಪ್ಪೆಯಾಗಿ ಕೆಲಸ ಮಾಡುತ್ತವೆ. ಎಲೆ ಹಳದಿಯಾಗುವ ಹೊತ್ತಿಗೆ ಬೇರಿನಲ್ಲಿ ಯುದ್ಧ ಮುಗಿದಿರುತ್ತೆ.

ಇದು ಬಾಳೆಯ ಕಥೆ ಮಾತ್ರ ಅಲ್ಲ. ಸ್ಪೇನ್ ದೇಶದ ಆಲಿವ್ ಮರಗಳಿಗೆ ವರ್ಟಿಸಿಲಿಯಂ ಎಂಬ ಇನ್ನೊಂದು ಶಿಲೀಂಧ್ರದಿಂದ ಸೊರಗು ರೋಗ ಬರುತ್ತೆ. ಅಲ್ಲಿ 'ಪಿಕ್ವಾಲ್' ತಳಿ ಬೇಗ ಸಾಯುತ್ತೆ, 'ಫ್ರಾಂಟೊಯೊ' ತಾಳಿಕೊಳ್ಳುತ್ತೆ. ಎರಡರ ಬೇರುಗಳನ್ನು ಹೋಲಿಸಿ ನೋಡಿದಾಗ, ಜೀನ್ ಚಟುವಟಿಕೆಯಲ್ಲಿನ ವ್ಯತ್ಯಾಸದ ಒಂದು ಪಾಲು ರೋಗ ತಗಲುವ ಮೊದಲೇ ಇತ್ತು. ಗೆದ್ದ ಮರ ಮೊದಲೇ ತಯಾರಾಗಿತ್ತು ಅಂತಾಯ್ತು.

"ಹಾಗಾದ್ರೆ ಆ ಜೀನ್ ಇರೋ ಸಸಿ ಬರಲಿ ಬಿಡಿ, ಕಾಯೋಣ" ಅನ್ನೋರೂ ಇದ್ದಾರೆ. ಆಸ್ಟ್ರೇಲಿಯಾದ ಸುದ್ದಿ ಮೊಬೈಲಿನಲ್ಲಿ ಓದಿರುತ್ತಾರೆ. ಸುದ್ದಿ ನಿಜವೇ. ಅಲ್ಲಿನ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದವರು ಕಾಡುಬಾಳೆಯ ಆರ್‌ಜಿಎ-2 ಎಂಬ ಜೀನನ್ನು ಕ್ಯಾವೆಂಡಿಷ್ ಬಾಳೆಗೆ ಸೇರಿಸಿ, ಟಿಆರ್-4 ಎಂಬ ಭಯಂಕರ ಪನಾಮ ರೋಗ ತಾಳುವ ಗಿಡ ಮಾಡಿದರು. 2024ರಲ್ಲಿ ಅದಕ್ಕೆ ಆಸ್ಟ್ರೇಲಿಯಾದಲ್ಲಿ ಒಪ್ಪಿಗೆಯೂ ಸಿಕ್ಕಿತು. ಇದರಲ್ಲಿ ಒಂದು ಸ್ವಾರಸ್ಯ ಇದೆ: ಅದೇ ಬಗೆಯ ಜೀನ್ ಕ್ಯಾವೆಂಡಿಷ್‌ನಲ್ಲಿ ಮೊದಲಿಂದಲೂ ಇತ್ತು. ಆದರೆ ಹೊಸ ಗಿಡಗಳಲ್ಲಿ ಅತಿ ಹೆಚ್ಚು ತಾಳಿಕೊಂಡ ಸಾಲಿನಲ್ಲಿ ಅದು ಎಷ್ಟು ಕೆಲಸ ಮಾಡುತ್ತೋ, ಅದರ ಹತ್ತರಲ್ಲಿ ಒಂದು ಪಾಲು ಮಾತ್ರ ಮಾಡುತ್ತಿತ್ತು.

ಆದರೆ ಅದು ಕ್ಯಾವೆಂಡಿಷ್, ನಮ್ಮ ಜಿ-9ರ ಗುಂಪು. ನಮ್ಮ ಏಲಕ್ಕಿ ಬಾಳೆ ಅಲ್ಲ. ಜಿ-9 ನಮ್ಮ ಕಡೆಯ ಹಳೆಯ ಪನಾಮ ರೋಗವನ್ನು ತಡೆಯುತ್ತೆ, ಆದರೆ ಟಿಆರ್-4 ಬಂದರೆ ಅದೂ ಉಳಿಯಲ್ಲ. ಬಿಹಾರ, ಉತ್ತರ ಪ್ರದೇಶದ ತೋಟಗಳಲ್ಲಿ ಟಿಆರ್-4 ಈಗಾಗಲೇ ಕಾಣಿಸಿಕೊಂಡಿದೆ. ಸುಮ್ಮನೆ ಕಾಯುತ್ತಾ ಕೂತರೆ ಏನಾಗುತ್ತೆ ಅನ್ನೋದಕ್ಕೆ ನಂಜನಗೂಡು ರಸಬಾಳೆ ನಮ್ಮ ಕಣ್ಣೆದುರಿಗೇ ಇದೆ. ಹೆಸರಿಗೆ ಜಿಐ ಮಾನ್ಯತೆ ಸಿಕ್ಕಿತು, ಹೊಲದಲ್ಲಿ ಗಿಡ ಸಿಗೋದೇ ಕಷ್ಟವಾಯಿತು. ಅದನ್ನು ಆ ಸ್ಥಿತಿಗೆ ತಂದದ್ದರಲ್ಲಿ ಈ ರೋಗದ ಪಾಲು ದೊಡ್ಡದು.

ಏಲಕ್ಕಿ ಬಾಳೆಯ ಬೇರು ತಾನಾಗಿ ಬೇಗ ಎಚ್ಚರಗೊಳ್ಳದಿದ್ದರೆ, ಅದರ ಪರವಾಗಿ ನಾವು ಮೊದಲೇ ಎಚ್ಚರಗೊಳ್ಳಬೇಕು. ನನ್ನ ಲೆಕ್ಕದಲ್ಲಿ ದುಡ್ಡು, ಶ್ರಮ ಹೋಗಬೇಕಾದ್ದು ಇಲ್ಲಿಗೆ:

ಒಂದು, ರೋಗ ಕಂಡ ತೋಟದಿಂದ ಕಂದು ಬೇಡವೇ ಬೇಡ. ತಾಯಿಗಿಡ ಹಸಿರಾಗಿ ಕಂಡರೂ ಗಡ್ಡೆಯಲ್ಲಿ ಶಿಲೀಂಧ್ರ ಇರಬಹುದು. ಟಿಶ್ಯೂ ಕಲ್ಚರ್ ಸಸಿ ಶುದ್ಧವಾಗಿರುತ್ತೆ ನಿಜ, ಆದರೆ ಶುದ್ಧ ಅಂದ್ರೆ ರೋಗ ತಡೆಯುತ್ತೆ ಅಂತಲ್ಲ. ರೋಗದ ಮಣ್ಣಿಗೆ ಹಾಕಿದರೆ ಅದೂ ಸೊರಗುತ್ತೆ.

ಎರಡು, ನಾಟಿ ಮಾಡುವಾಗಲೇ ಕೊಟ್ಟಿಗೆ ಗೊಬ್ಬರದ ಜೊತೆ ಟ್ರೈಕೋಡರ್ಮಾ ಬೆರೆಸಿ ಗುಂಡಿಗೆ ಹಾಕಿ. ಅದೇ ಹೊತ್ತಿಗೆ ಶಿಲೀಂಧ್ರನಾಶಕ ಸುರಿದರೆ ಅದೂ ಸಾಯುತ್ತೆ, ನೆನಪಿರಲಿ.

ಮೂರು, ಬುಡದಲ್ಲಿ ನೀರು ನಿಲ್ಲಬಾರದು. ರೋಗದ ಗಿಡದಿಂದ ಹರಿದ ನೀರು ಪಕ್ಕದ ಸಾಲಿಗೆ ಹೋಗಬಾರದು. ಅಲ್ಲಿ ಬಳಸಿದ ಗುದ್ದಲಿ, ಮಚ್ಚು, ಟಿಲ್ಲರ್ ತೊಳೆಯದೆ ಬೇರೆ ಕಡೆ ಒಯ್ಯಬೇಡಿ.

ನಾಲ್ಕು, ಕೊಳ್ಳೇಗಾಲ, ಯಳಂದೂರಿನ ನೀರಾವರಿ ಜಮೀನಿನವರಿಗೆ ಒಂದು ಅನುಕೂಲ ಇದೆ. ರೋಗ ಬಂದ ಜಾಗದಲ್ಲಿ ಕೆಲವು ವರ್ಷ ಭತ್ತ ಹಾಕಿ. ನೀರು ನಿಂತ ಗದ್ದೆಯಲ್ಲಿ ಶಿಲೀಂಧ್ರದ ಬಲ ಕುಗ್ಗುತ್ತೆ. ಹನೂರಿನ ಬೋರ್‌ವೆಲ್ ಜಮೀನಿನವರಿಗೆ ಈ ದಾರಿ ಇಲ್ಲ. ಅವರು ಕಂದಿನ ವಿಷಯದಲ್ಲಿ ಎರಡು ಪಟ್ಟು ಹುಷಾರಾಗಿರಬೇಕು. ಬಾಳೆ ಇಲ್ಲದಿದ್ದರೂ ಈ ಶಿಲೀಂಧ್ರ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತೆ.

ಇಷ್ಟು ತಿಳಿದಿದ್ದರೂ ರೋಗ ಹರಡ್ತಾನೇ ಇದೆ. ನನ್ನ ಪ್ರಕಾರ ಇದಕ್ಕೆ ದೊಡ್ಡ ಕಾರಣ ನಮ್ಮ ಸಂಕೋಚ. ತೋಟಕ್ಕೆ ರೋಗ ಬಂದರೆ ಯಾರೂ ಬಾಯಿ ಬಿಡಲ್ಲ. ಕಂದು ಮಾರಾಟವಾಗಲ್ಲ, ಜಮೀನು ಗುತ್ತಿಗೆಗೆ ಹೋಗಲ್ಲ ಅನ್ನೋ ಭಯ. ನಾನೂ ಪರಿಚಯದವರ ತೋಟದಿಂದ ಕಂದು ತಂದು ಕೈ ಸುಟ್ಟುಕೊಂಡವನೇ. ಅವರು ಮೋಸ ಮಾಡಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ, ಅಷ್ಟೇ. ಆ ಮೌನಕ್ಕೆ ಬೆಲೆ ಕಟ್ಟಿದ್ದು ನನ್ನ ಮಣ್ಣು.

ಅದಕ್ಕೇ ಕೇಳ್ಕೊಳ್ತೀನಿ. ಹಳದಿ ಎಲೆಯ ಗಿಡ ಕಂಡರೆ ದಿಂಡನ್ನು ಬುಡದ ಹತ್ತಿರ ಅಡ್ಡ ಕತ್ತರಿಸಿ ನೋಡಿ. ಒಳಗೆ ಕೆಂಪು ಮಿಶ್ರಿತ ಕಂದು ಬಣ್ಣದ ಗೆರೆ, ಚುಕ್ಕೆ ಇದ್ದರೆ ಫೋಟೋ ತೆಗೆದು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ. ಜಿ-9ರಲ್ಲಿ ಹೀಗೆ ಕಂಡರಂತೂ ಒಂದು ದಿನವೂ ತಡ ಮಾಡಬೇಡಿ. ರೋಗ ಅಂತ ಖಚಿತವಾದರೆ ಗಿಡವನ್ನು ಎಳೆದಾಡದೆ ಅಲ್ಲೇ ಕಿತ್ತು ಸುಟ್ಟು, ಗುಂಡಿಗೆ ಸುಣ್ಣ ಹಾಕಿ.

ಆಮೇಲೆ ಅದೇ ಫೋಟೋನ ಪಕ್ಕದ ಜಮೀನಿನವರಿಗೂ ಕಳಿಸಿ. "ನಮ್ಮ ತೋಟಕ್ಕೆ ಬಂದಿದೆ, ಹುಷಾರು" ಅಂತ ಒಂದು ಮಾತು ಹಾಕಿ. ಇವತ್ತು ನೀವು ಹೇಳಿದರೆ ನಾಳೆ ಅವರು ನಿಮಗೆ ಹೇಳ್ತಾರೆ.